ಮಹಡಿಯ ಮೇಲೊಂದು ಮರೆ: ಮೈಸೂರಿನ ಮಂಡಿ ಮೊಹಲ್ಲಾ ಕಡೆಯ ಗೋಷಾ ಮನೆಯೊಂದರ ಪ್ರಕರಣ

ಮೂವತ್ತು ದಾಟಿದ ಹೆಂಗಸು, ಮೂರು ಮಕ್ಕಳ ತಾಯಿ. ಗಂಡ ಸೌದಿಯಲ್ಲಿ ಡ್ರೈವರ್. ಮನೆಯಲ್ಲಿ ಅತ್ತೆ, ಮೈದುನ, ಮೈದುನನ ಹೆಂಡತಿ. ತವರಿಗೆ, ಹೆರಿಗೆಗೆ, ಸಾವಿನ ಮನೆಗೆ ಬಿಟ್ಟರೆ ಮದುವೆಯಾದ ಮೇಲೆ ಆಕೆ ಹೊಸ್ತಿಲು ದಾಟಿದ್ದು ಅಪರೂಪ. ಹಗಲೆಲ್ಲ ನೆಲದ ಮೇಲೆ ಕೂತು ಮಣೆಯ ಮೇಲೆ ಊದುಬತ್ತಿ ಹೊಸೆಯುವ ಕೆಲಸ. ಎರಡು ವರ್ಷದಿಂದ ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ನೋವು. ಕೂತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ನಡೆಯುವಾಗ ಮೈ ಎಡಕ್ಕೂ ಬಲಕ್ಕೂ ತೂಗುತ್ತದೆ. ಓಣಿಯ ಕ್ಲಿನಿಕ್ಕಿನಲ್ಲಿ 'ವಾತ' ಎಂದು ಹೇಳಿ ನೋವಿನ ಇಂಜೆಕ್ಷನ್ ಹಾಕುತ್ತ ಬಂದಿದ್ದರು.

ಈ ಮನೆಗೆ ಹತ್ತಿರದ ಕ್ರೈಸ್ತ ಸಭೆಯೊಂದರ ಸ್ತ್ರೀಯರ ಕೂಟದಿಂದ ಇಬ್ಬರು ಹೋಗತೊಡಗಿದರು. ಒಬ್ಬರು ನಿವೃತ್ತ ಸ್ಟಾಫ್ ನರ್ಸ್, ಇನ್ನೊಬ್ಬರು ಅವರ ಜೊತೆಗಾರ್ತಿ. ಏನು ಮಾಡಿದರು, ಎಲ್ಲಿ ಎಡವಿದರು, ಏಕೆ ಎಡವಿದರು ಎನ್ನುವುದನ್ನು ಇಂಥ ಮನೆಗಳಿಗೆ ಹೋಗುವ ಸಭೆಯ ಹೆಂಗಸರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದೆ. ಯಾರ ಗುರುತೂ ಸಿಗಬಾರದೆಂದು ಒಂದಕ್ಕಿಂತ ಹೆಚ್ಚು ಮನೆಗಳ ವಿವರಗಳನ್ನು ಬೆರೆಸಿ, ಕೆಲವನ್ನು ಬದಲಿಸಿ ಒಂದೇ ಪ್ರಕರಣವಾಗಿ ಹೇಳಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬೀದಿಯಲ್ಲಿ ಸುವಾರ್ತೆ ಕೇಳುವವರು ಬೇಡವೆನಿಸಿದರೆ ಎದ್ದು ಹೋಗಬಹುದು. ಗೋಷಾದಲ್ಲಿರುವ, ಅಂದರೆ ಹೊರಗಿನ ಗಂಡಸರ ಕಣ್ಣಿಗೆ ಬೀಳದಂತೆ ಮನೆಯೊಳಗೇ ಉಳಿಯುವ ಹೆಂಗಸು ತನ್ನ ಮನೆ ಬಿಟ್ಟು ಎಲ್ಲಿಗೆ ಎದ್ದು ಹೋಗಬೇಕು? ನಾವು ಕೂತಷ್ಟು ಹೊತ್ತು ಆಕೆಯೂ ಕೂತಿರಬೇಕು. ಆಕೆ ಒಳಗೆ ಸಿಕ್ಕಿಕೊಂಡಿದ್ದಾಳೆ ಎನ್ನುವುದೇ ನಮಗೆ ಅನುಕೂಲವಾಗಿಬಿಟ್ಟರೆ ಅದು ಸೇವೆಯಲ್ಲ. ಮುಂದೆ ಹೇಳುವ ನಿಯಮಗಳೆಲ್ಲ ಇದೊಂದರಿಂದಲೇ ಬಂದವು.

ಗೋಷಾ ಅಂದರೆ ಬುರ್ಖಾ ಅಲ್ಲ

ಮೈಸೂರಿನಲ್ಲಿ ಬುರ್ಖಾ ಹಾಕಿಕೊಂಡು ಕಾಲೇಜಿಗೆ, ಬ್ಯಾಂಕಿಗೆ, ಮೀನಾ ಬಜಾರಿಗೆ ಹೋಗಿಬರುವ ಹೆಂಗಸರು ಸಾವಿರಾರು. ಅವರು ಗೋಷಾದಲ್ಲಿಲ್ಲ. ಒಂದು ಕಾಲಕ್ಕೆ ಅರಮನೆಯ ಅರಸು ಮನೆತನದ ಹೆಂಗಸರೂ ಗೋಷಾದಲ್ಲೇ ಇದ್ದವರು. ಇದು ಒಂದೇ ಮತದವರ ಪದ್ಧತಿಯೂ ಅಲ್ಲ. ಈ ಮನೆಯಲ್ಲಿ ಆಕೆಯನ್ನು ಒಳಗೆ ಉಳಿಸಿದ್ದು ಏನು ಎಂದು ನೋಡುತ್ತ ಹೋದರೆ ಧರ್ಮದ ಪಾಲು ಅಂದುಕೊಂಡಷ್ಟಿಲ್ಲ. ಗಂಡ ಊರಿನಲ್ಲಿಲ್ಲ, ಆದ್ದರಿಂದ ಸೊಸೆಯ ಹೊಣೆ ಮೈದುನನ ತಲೆಯ ಮೇಲಿದೆ. ಏನಾದರೂ ಆದರೆ ಅಣ್ಣನಿಗೆ ಉತ್ತರ ಹೇಳಬೇಕಾದವನು ಅವನು. ಮೆಟ್ಟಿಲು ಕಡಿದು, ಹಿಡಿಗಂಬಿ ಇಲ್ಲ. ನೋವಿರುವ ಕಾಲಿಗೆ ಇಳಿಯುವುದೇ ಭಯ. ಬತ್ತಿಯ ಕೆಲಸಕ್ಕೆ ಸಾವಿರಕ್ಕಿಷ್ಟು ಎಂದು ಕೂಲಿ, ಆಚೆ ಹೋದ ಹೊತ್ತಿಗೆ ಕೂಲಿಯಿಲ್ಲ. ಇದನ್ನೆಲ್ಲ ತಿಳಿಯದೆ 'ಅವರ ಧರ್ಮ ಅವರನ್ನು ಕೂಡಿಹಾಕಿದೆ' ಎಂದುಕೊಂಡು ಒಳಗೆ ಹೋದವರು ಮೊದಲ ದಿನವೇ ತಪ್ಪು ಮಾತಾಡುತ್ತಾರೆ. ಚಿಕಿತ್ಸೆಗಾಗಿ ಹೆಂಗಸು ಹೊರಗೆ ಹೋಗುವುದಕ್ಕೆ ಇಸ್ಲಾಮಿನಲ್ಲಿ ತಡೆಯಿಲ್ಲ. ಅದನ್ನು ನಾವು ಹೇಳಿಕೊಡಬೇಕಾಗಿಯೂ ಇಲ್ಲ, ಅತ್ತೆಯವರಿಗೇ ಗೊತ್ತಿತ್ತು.

ಇಂಥ ಮನೆಗಳಿಗೆ ಕ್ರೈಸ್ತ ಹೆಂಗಸರು ಹೋಗುವುದು ಹೊಸದಲ್ಲ. 1850ರ ದಶಕದಲ್ಲಿ ಕಲ್ಕತ್ತದ ಜನಾನಾಗಳಿಗೆ, ಅಂದರೆ ಹೆಂಗಸರು ಇರುವ ಒಳಮನೆಗಳಿಗೆ, ಕಸೂತಿ ಮತ್ತು ಓದು ಕಲಿಸಲು ಹೋದವರಿಂದ ಅದು ಶುರುವಾಯಿತು. ಗಂಡು ಡಾಕ್ಟರಿಗೆ ನಾಡಿ ತೋರಿಸದ ಹೆಂಗಸರಿಗಾಗಿ ಹೆಣ್ಣು ಡಾಕ್ಟರುಗಳು ಬಂದರು; 1870ರಲ್ಲಿ ಬರೇಲಿಗೆ ಬಂದ ಕ್ಲಾರಾ ಸ್ವೇನ್ ಅವರಲ್ಲಿ ಮೊದಲಿನವರು. 1880ರಲ್ಲಿ ಇಂಗ್ಲೆಂಡಿನಲ್ಲಿ ಜನಾನಾ ಕೆಲಸಕ್ಕೆಂದೇ ಚರ್ಚ್ ಆಫ್ ಇಂಗ್ಲೆಂಡ್ ಜನಾನಾ ಮಿಷನರಿ ಸೊಸೈಟಿ ಹುಟ್ಟಿತು. ಮೈಸೂರಿನಲ್ಲಿ ಈ ಕೆಲಸ ವೆಸ್ಲಿಯನ್ ಮಿಷನ್ನಿನವರದು. ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಅವರು ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಆ ಸುತ್ತಿನ ಓಣಿಗಳಲ್ಲಿ 'ನಾನು ಹುಟ್ಟಿದ್ದು ಅಲ್ಲೇ' ಎನ್ನುವ ಅಜ್ಜಿಯರು ಈಗಲೂ ಸಿಗುತ್ತಾರೆ, ಸಭೆಯ ಹೆಂಗಸರಿಗೆ ಬಾಗಿಲು ತೆರೆಯುವುದು ಅರ್ಧಪಾಲು ಈ ನೆನಪಿನಿಂದಲೇ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಶುರುವಾದಾಗ ಅದರ ಡಾಕ್ಟರುಗಳು ಧರ್ಮಬೋಧೆ ಮಾಡಕೂಡದು ಎಂದು ನಿಯಮ ಮಾಡಿದರು. ಮಿಷನ್ನಿನ ಡಾಕ್ಟರುಗಳು ಮದ್ದನ್ನೂ ವಾಕ್ಯವನ್ನೂ ಒಟ್ಟಿಗೆ ಒಯ್ದರು. ನೂರ ನಲವತ್ತು ವರ್ಷ ಕಳೆದರೂ ಸಭೆಗಳಲ್ಲಿ ಈ ಚರ್ಚೆ ಮುಗಿದಿಲ್ಲ. ಈ ಪ್ರಕರಣದ ತಂಡ ಹಿಡಿದದ್ದು ಮೂರನೆಯ ದಾರಿ. ಎರಡನ್ನೂ ಒಯ್ಯಬಹುದು, ಆದರೆ ಒಂದರ ಒಳಗೆ ಇನ್ನೊಂದನ್ನು ಬಚ್ಚಿಟ್ಟು ಒಯ್ಯಬಾರದು.

ಬಾಗಿಲಲ್ಲಿ

ಕರೆ ಬಂದದ್ದು ಅತ್ತೆಯವರಿಂದ. ಅವರ ಸಕ್ಕರೆ ಕಾಯಿಲೆಯ ಕಾಲುಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ನರ್ಸಮ್ಮ ಬರಬಹುದೇ ಎಂದು ಪಕ್ಕದ ಮನೆಯವರ ಮೂಲಕ ಕೇಳಿಸಿದ್ದರು. ಇದು ಮುಖ್ಯ. ಕರೆಯದೆ ಹೋದ ಮನೆಯಲ್ಲಿ ನಾವು ಅತಿಥಿಗಳೂ ಅಲ್ಲ, ಬಂಧುಗಳೂ ಅಲ್ಲ.

ಹೊರಡುವ ಮುಂಚೆ ಫೋನ್ ಮಾಡುವುದು. ಯಾವಾಗಲೂ ಇಬ್ಬರೇ, ಇಬ್ಬರೂ ಹೆಂಗಸರು. ಆಟೋ ಓಣಿಯ ತುದಿಯಲ್ಲೇ ನಿಲ್ಲಬೇಕು. ಸಭಾಪಾಲಕರಾಗಲಿ ನಮ್ಮ ಮನೆಯ ಗಂಡಸರಾಗಲಿ ಬಾಗಿಲವರೆಗೂ ಬರುವಂತಿಲ್ಲ. ಬೆಳಗ್ಗೆ ಹನ್ನೊಂದರಿಂದ ಹನ್ನೆರಡೂಕಾಲು ಒಳ್ಳೆಯ ಹೊತ್ತು, ಗಂಡಸರು ಅಂಗಡಿಗೆ ಹೋಗಿರುತ್ತಾರೆ, ಮಧ್ಯಾಹ್ನದ ಜೊಹರ್ ನಮಾಜಿಗೆ ಇನ್ನೂ ಹೊತ್ತಿರುತ್ತದೆ. ಶುಕ್ರವಾರ ಬೇಡ. ಬಾಗಿಲು ಬಡಿದು ಪಕ್ಕಕ್ಕೆ ಸರಿದು ನಿಲ್ಲಬೇಕು, ತೆರೆದ ಕೂಡಲೇ ಒಳಗೆಲ್ಲ ಕಾಣುವಂತೆ ಎದುರಿಗೆ ನಿಲ್ಲಬಾರದು. 'ಅಸ್ಸಲಾಮು ಅಲೈಕುಮ್' ಎಂದು ಹೇಳಲು ಬಾಯಿ ತಡವರಿಸುವುದಾದರೆ 'ನಮಸ್ಕಾರ ಅಮ್ಮಾ' ಸಾಕು. ಬಾರದ ನಡೆನುಡಿಯನ್ನು ನಟಿಸಬೇಡಿ. ನರ್ಸಮ್ಮನಿಗೆ ಈ ಮನೆಯವರ ಆಡುಮಾತಿನ ಉರ್ದು, ದಖನಿ ಬರುತ್ತಿತ್ತು, ಜೊತೆಗಾರ್ತಿಗೆ ಕನ್ನಡ ಮಾತ್ರ. ಮನೆಯ ಮಕ್ಕಳು ಜೊತೆಗಾರ್ತಿಯೊಂದಿಗೆ ಕನ್ನಡವನ್ನೇ ಮಾತಾಡಿದರು.

ಟೀ ಕೊಟ್ಟರೆ ಕುಡಿಯಬೇಕು. ಬೇಡವೆಂದರೆ 'ನಮ್ಮ ಮನೆಯ ನೀರು ಇವರಿಗೆ ಸೇರುವುದಿಲ್ಲ' ಎಂದೇ ತಿಳಿಯುತ್ತಾರೆ, ಅದನ್ನು ಆಮೇಲೆ ಯಾವ ವಿವರಣೆಯೂ ಅಳಿಸುವುದಿಲ್ಲ. ರಂಜಾನ್ ತಿಂಗಳಲ್ಲಿ ಕೇಳಬೇಡಿ, ಅವರೆದುರು ನಿಮ್ಮ ಬಾಟಲಿಯ ನೀರನ್ನೂ ಕುಡಿಯಬೇಡಿ. ಈದ್ ದಿನ ಶೀರ್‌ಖುರ್ಮಾ ಕಳಿಸಿದರೆ ಪಾತ್ರೆ ಖಾಲಿ ವಾಪಸ್ ಕಳಿಸದಿರುವುದು ಮೈಸೂರಿನ ಮರ್ಯಾದೆ. ಆದರೆ ಕ್ರಿಸ್ಮಸ್ ಕೇಕು ಕಳಿಸುವಾಗ ಎಚ್ಚರ. ಒಣಹಣ್ಣನ್ನು ರಮ್ಮಿನಲ್ಲಿ ನೆನೆಸಿ ಮಾಡಿದ್ದಾದರೆ ಕಳಿಸಲೇಕೂಡದು. ರೋಸ್ ಕುಕ್ಕಿ, ಕಲ್‌ಕಲ್ ಆದರೆ ತೊಂದರೆಯಿಲ್ಲ, ಕರಿದ ಎಣ್ಣೆ ಯಾವುದೆಂದು ಹೇಳಿ ಕೊಟ್ಟರಾಯಿತು.

ಹಣ, ಬಟ್ಟೆ, ದಿನಸಿ, ಮಾತ್ರೆ ಯಾವುದನ್ನೂ ಕೊಡಲಿಲ್ಲ. ಡ್ರೆಸ್ಸಿಂಗಿನ ಗಾಜ್, ಸಲೈನ್, ಪ್ಲಾಸ್ಟರನ್ನು ಮನೆಯವರೇ ತಂದಿಟ್ಟರು. ನಮ್ಮಲ್ಲಿ ಕೆಲವರಿಗೆ ಇದು ಕಟುವಾಗಿ ಕಾಣುತ್ತದೆ. ಆದರೆ ಕೊಟ್ಟದ್ದು ಋಣವಾಗುತ್ತದೆ, ಋಣವಿರುವ ಮನೆಯಲ್ಲಿ ಯಾರೂ 'ನಾಳೆಯಿಂದ ಬರಬೇಡಿ' ಎನ್ನುವುದಿಲ್ಲ, ಬೇಡವೆಂದರೂ ಬಾಯಿಬಿಡುವುದಿಲ್ಲ. ಬೇಡ ಎನ್ನುವ ದಾರಿ ಅವರಿಗೆ ಸದಾ ತೆರೆದಿರಬೇಕು.

ಸೊಸೆ ಕಣ್ಣಿಗೆ ಬಿದ್ದದ್ದು

ಅತ್ತೆಯವರ ಕಾಲು ತೊಳೆಯಲು ಬೇಸಿನ್ ತಂದಿಟ್ಟ ಸೊಸೆ ಮತ್ತೆ ಏಳುವಾಗ ಎರಡೂ ಕೈಯನ್ನು ತನ್ನ ತೊಡೆಯ ಮೇಲೆ ಊರಿ ಎದ್ದರು. ನರ್ಸಮ್ಮ ಗಮನಿಸಿದ್ದು ಅದನ್ನು. ಅಡಿಗೆಮನೆಗೆ ಹೋಗುವಾಗಿನ ತೂಗಾಟದ ನಡಿಗೆಯೂ ಕಂಡಿತು. ವರ್ಷಗಟ್ಟಲೆ ಬಿಸಿಲು ಕಾಣದ, ಮೇಲಿಂದ ಮೇಲೆ ಹೆತ್ತು ಹಾಲೂಡಿಸಿದ ಹೆಂಗಸಿನಲ್ಲಿ ಇವೆರಡೂ ಒಟ್ಟಿಗೆ ಕಂಡರೆ ಮೊದಲು ನೆನಪಾಗಬೇಕಾದದ್ದು ಮೂಳೆ ಮೆತ್ತಗಾಗುವ ಕಾಯಿಲೆ, ಆಸ್ಟಿಯೋಮಲೇಶಿಯಾ. ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ; ಹೊಸದಾಗಿ ಕಟ್ಟುವ ಮೂಳೆ ಗಟ್ಟಿಯಾಗುವುದಿಲ್ಲ; ತೊಡೆ, ಸೊಂಟದ ಸ್ನಾಯುಗಳ ಬಲವೂ ಕುಂದುತ್ತದೆ. ಕೀಲು ಊದಿರುವುದಿಲ್ಲ, ನೋವು ಮೂಳೆಯ ಉದ್ದಕ್ಕೂ ಇರುತ್ತದೆ, ಮೊಣಕಾಲ ಕೆಳಗಿನ ಮುಂಗಾಲ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೋಯುತ್ತದೆ. ವಾತ ಎಂದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಹಾಳಾಗುವುದೇ ಹೊರತು ಮೂಳೆಗೆ ಗುಣವಿಲ್ಲ.

ನರ್ಸಮ್ಮ ರೋಗದ ಹೆಸರು ಹೇಳಲಿಲ್ಲ, ಮದ್ದನ್ನೂ ಹೇಳಲಿಲ್ಲ. ಅದು ಡಾಕ್ಟರ ಕೆಲಸ. ಅತ್ತೆಯವರಿಗೆ ಹೇಳಿದ್ದು ಇಷ್ಟೇ: "ಅಮ್ಮಾ, ಸೊಸೆ ಏಳೋದು ನೋಡಿದ್ರಾ? ಈ ವಯಸ್ಸಿಗೆ ಹಾಗಾಗಬಾರದು. ಲೇಡಿ ಡಾಕ್ಟರಿಗೆ ಒಂದು ಸಲ ತೋರಿಸಿ." ಮೈದುನ ಒಪ್ಪಲು ಸಮಯ ಹಿಡಿಯಿತು. ಕೊನೆಗೆ ಅತ್ತೆ, ಸೊಸೆ, ಓರಗಿತ್ತಿ ಮೂವರೂ ಆಟೋದಲ್ಲಿ ಹೋಗಿಬಂದರು. ರಕ್ತದಲ್ಲಿ ವಿಟಮಿನ್ ಡಿ ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಆಕೆಯದು 10ಕ್ಕೂ ಕೆಳಗಿತ್ತು. ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚು, ರಂಜಕ (ಫಾಸ್ಫರಸ್) ಕಡಿಮೆ. ಎಕ್ಸ್‌ರೇಯಲ್ಲಿ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕಿನಂಥ ಗೆರೆ.

ಡಾಕ್ಟರು ಬರೆದದ್ದು 60,000 ಯೂನಿಟ್ಟಿನ ವಿಟಮಿನ್ ಡಿ, ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. ಜೊತೆಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ, ಊಟದೊಂದಿಗೆ. ಕಬ್ಬಿಣದ ಮಾತ್ರೆಯೂ ಇದ್ದದ್ದರಿಂದ ಎರಡಕ್ಕೂ ನಡುವೆ ಎರಡು ಗಂಟೆ ಅಂತರ.

ಮೊದಲ ಎಡವಟ್ಟು ಇಲ್ಲೇ ಆಯಿತು. ಮೆಡಿಕಲ್ ಸ್ಟೋರಿನವನು ಎಲ್ಲ ಮಾತ್ರೆಗೂ ಬರೆಯುವಂತೆ ವಿಟಮಿನ್ ಡಿ ಮಾತ್ರೆಯ ಪಟ್ಟಿಯ ಮೇಲೂ 1-0-0 ಎಂದು ಗೀಚಿ ಕೊಟ್ಟಿದ್ದ. ಆಕೆಗೆ ಓದಲು ಬರುವುದು ಉರ್ದು ಮಾತ್ರ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿತ್ತು. ದಿನಕ್ಕೊಂದರಂತೆ ನುಂಗಿಬಿಟ್ಟರು. ಮುಂದಿನ ಭೇಟಿಯಲ್ಲಿ ಖಾಲಿ ಪಟ್ಟಿಗಳು ಕಂಡಾಗ ಎಂಟು ದಿನಕ್ಕೆ 4,80,000 ಯೂನಿಟ್ ಹೋಗಿತ್ತು. ಇಂಥ ಕೊರತೆ ಇರುವವರಲ್ಲಿ ಇಷ್ಟರಿಂದಲೇ ಸಾಮಾನ್ಯವಾಗಿ ಅಪಾಯವಾಗುವುದಿಲ್ಲ, ಆದರೆ ಹೀಗೆಯೇ ತಿಂಗಳುಗಟ್ಟಲೆ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ದಾಹ, ಮೇಲಿಂದ ಮೇಲೆ ಮೂತ್ರ, ಕಡೆಗೆ ಮೂತ್ರಪಿಂಡಕ್ಕೇ ಪೆಟ್ಟು. ಅಂದೇ ವಿಟಮಿನ್ ಡಿ, ಕ್ಯಾಲ್ಸಿಯಂ ಎರಡೂ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದರು, ಕ್ಯಾಲ್ಸಿಯಂ ಪರೀಕ್ಷೆಯಾಯಿತು, ಸರಿಯಿತ್ತು. ಡಾಕ್ಟರು ಹೇಳಿದ ದಿನದಿಂದ ಮತ್ತೆ ಶುರು.

ಅಂದಿನಿಂದ ಮಾತ್ರೆಗೆ ಜುಮ್ಮಾ ದಿನ ಎಂದು ಗೊತ್ತುಮಾಡಿದರು. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಒಳ್ಳೆಯ ಅಡಿಗೆ ಇರುತ್ತದೆ, ಎಣ್ಣೆ ತುಪ್ಪ ಇರುವ ಊಟದ ಜೊತೆ ಈ ವಿಟಮಿನ್ ಚೆನ್ನಾಗಿ ಒಳಗೆ ಹೋಗುತ್ತದೆ, ವಾರ ತಪ್ಪುವುದಿಲ್ಲ. ರಂಜಾನಿನಲ್ಲಿ ಅದೇ ಶುಕ್ರವಾರ ಇಫ್ತಾರ್ ಆದ ಮೇಲೆ. ಗೋಡೆಯ ಉರ್ದು ಕ್ಯಾಲೆಂಡರಿನಲ್ಲಿ ನುಂಗಿದ ಶುಕ್ರವಾರಕ್ಕೆ ಹಿರಿಮಗಳು ಗೀಟು ಎಳೆಯುತ್ತಾಳೆ. ಪಟ್ಟಿ ಅತ್ತೆಯವರ ಬೀರುವಿನಲ್ಲಿ.

ಊಟದಲ್ಲಿ ಹೊಸದೇನೂ ಸೇರಿಸಬೇಕಾಗಲಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ದೊಡ್ಡ ಲೋಟ ಹಾಲಿನಲ್ಲಿ 300ರ ಹತ್ತಿರ. ದಿನಕ್ಕೆ ಬೇಕಾದದ್ದು 1,000. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಮೈಗೆ ಹೆಚ್ಚು ಹತ್ತುತ್ತದೆ. ಈ ಮನೆಯಲ್ಲಿ ರಾಗಿ ಅಂಬಲಿ ಮೊದಲಿನಿಂದಲೂ ಇತ್ತು, ಮಕ್ಕಳಿಗೆ ಮಾತ್ರ ಕೊಡುತ್ತಿದ್ದರು.

ಮಹಡಿಯ ಮರೆ

ಮಾತ್ರೆ ಕೊರತೆಯನ್ನು ತುಂಬುತ್ತದೆ. ಮತ್ತೆ ಕೊರತೆ ಬಾರದಿರಲು ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಬೆಚ್ಚಗಾಗುತ್ತದೆ ಅಷ್ಟೇ. ವಿಟಮಿನ್ ಡಿ ಹುಟ್ಟಿಸುವ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ಎಳೆಬಿಸಿಲು ಒಳ್ಳೆಯದೆಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತೇ ಬೇಕು. ಮೈಸೂರಿನಲ್ಲಿ ಡಿಸೆಂಬರಿನಲ್ಲೂ ಹನ್ನೊಂದರಿಂದ ಎರಡರವರೆಗೆ ನೆರಳು ಗಿಡ್ಡವೇ. ನಮ್ಮ ಮೈಬಣ್ಣಕ್ಕೆ ಮೊಣಕೈವರೆಗೆ, ಮೊಣಕಾಲವರೆಗೆ ಬಟ್ಟೆ ಸರಿಸಿ ಇಪ್ಪತ್ತರಿಂದ ಮೂವತ್ತು ನಿಮಿಷ, ವಾರದಲ್ಲಿ ಮೂರು ನಾಲ್ಕು ದಿನ. ಮುಖಕ್ಕೆ ಬಿಸಿಲು ಬೀಳಲೇಬೇಕೆಂದಿಲ್ಲ.

ಮನೆಗೆ ಅಂಗಳವಿಲ್ಲ, ಮಹಡಿಯಿದೆ. ಮೂರಡಿ ಪ್ಯಾರಾಪೆಟ್, ಪಶ್ಚಿಮಕ್ಕೆ ಪಕ್ಕದವರ ಮೂರಂತಸ್ತು. ಮೈದುನ ತಾನೇ ಬಿದಿರಿನ ಗಳ ನೆಟ್ಟು ಹಸಿರು ಶೇಡ್ ನೆಟ್ ಕಟ್ಟಿದ. ಅದು ಕೆಲಸಕ್ಕೆ ಬರಲಿಲ್ಲ. ನೆಟ್ ಅರ್ಧ ಬೆಳಕು ಬಿಡುವಂಥದ್ದು, ನಡುಹಗಲಿನಲ್ಲಿ ಹತ್ತಿರದಿಂದ ನೋಡಿದರೆ ಒಳಗಿನವರು ಕಾಣುತ್ತಾರೆ. ತಲೆಯ ಮೇಲಕ್ಕೂ ಹೊದಿಸಿದ್ದರಿಂದ ಬೇಕಾದ ಬಿಸಿಲಿಗೂ ತಡೆ. ಆಕೆ ಒಂದೇ ದಿನ ಹತ್ತಿ ಇಳಿದುಬಿಟ್ಟರು.

ಎರಡನೇ ಸಲ ಓರಗಿತ್ತಿಯ ಯೋಚನೆಯಂತೆ ಮಾಡಿದರು. ನೀರಿನ ಟ್ಯಾಂಕಿನ ಕಟ್ಟೆ ಪಶ್ಚಿಮದ ಕಟ್ಟಡಕ್ಕೆ ಅಡ್ಡವಾಗುವ ಮೂಲೆ ಹಿಡಿದು, ಉಳಿದ ಬದಿಗಳಿಗೆ ಏಳಡಿ ಎತ್ತರಕ್ಕೆ ತಂತಿ ಎಳೆದು ಹಳೆಯ ದಪ್ಪ ಬೆಡ್‌ಶೀಟುಗಳನ್ನು ಹಾಕಿದರು. ಮೇಲೆ ಪೂರ್ತಿ ಬಯಲು. ನೋಡುವವರಿಗೆ ಬಟ್ಟೆ ಒಣಹಾಕಿದ ಹಾಗೆ. ಇಲ್ಲೊಂದು ಲೆಕ್ಕವಿದೆ. ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಏಳಡಿ ಪರದೆಯ ನೆರಳು ಐದಡಿ ಒಳಕ್ಕೆ ಬೀಳುತ್ತದೆ, ಆದ್ದರಿಂದ ಚಾಪೆಯನ್ನು ದಕ್ಷಿಣದ ಪರದೆಯಿಂದ ಆರಡಿಯಾದರೂ ಆಚೆಗೆ ಹಾಸಬೇಕು. ಆಷಾಢದ ಗಾಳಿಗೆ ಬೆಡ್‌ಶೀಟು ಹಾರುತ್ತದೆ. ಕೆಳಅಂಚಿಗೆ ಮರಳು ತುಂಬಿದ ಚೀಲ ಹೊಲಿಯಬೇಕು, ಕ್ಲಿಪ್ಪು ಸಾಲದು. ಮಳೆಗಾಲದ ಮೋಡದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹನ್ನೊಂದಕ್ಕೆ ಅಕ್ಕಿ ಆರಿಸುವ ಮೊರ ಹಿಡಿದು ಓರಗಿತ್ತಿಯರು ಇಬ್ಬರೂ ಮೇಲೆ ಹೋಗುವುದು ಅಭ್ಯಾಸವಾಯಿತು. ಜೊತೆಯಿಲ್ಲದಿದ್ದರೆ ಆಕೆ ಹತ್ತುತ್ತಿರಲಿಲ್ಲ. ಮೆಟ್ಟಿಲಿಗೆ ಹಿಡಿಗಂಬಿ ಹಾಕಿಸಿದ್ದು ಮೈದುನ.

ಆಕೆ ಕೇಳಿದ ಪ್ರಶ್ನೆ

ಭೇಟಿಯಲ್ಲಿ ಒಂದಿಷ್ಟು ಹೊತ್ತು ನರ್ಸಮ್ಮ ಆಕೆಯೊಬ್ಬರನ್ನೇ ನೋಡುತ್ತಿದ್ದರು. ಮೈ ಒತ್ತಿ ನೋಡಬೇಕು, ಮುಟ್ಟಿನ ವಿಚಾರ ಕೇಳಬೇಕು, ಮನೆಯಲ್ಲಿ ಹೊಡೆತ ಬಡಿತ ಇದೆಯೇ ಎಂದೂ ಕೇಳಬೇಕು. ಈ ಕೊನೆಯದನ್ನು ಸಂಕೋಚವೆಂದು ಬಿಡುವವರೇ ಹೆಚ್ಚು. ಬಿಡಬಾರದು. 181 ಸಹಾಯವಾಣಿಯ ಸಂಖ್ಯೆ ಬಾಯಿಪಾಠವಿರಬೇಕು. ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಏಕಾಂತದ ಈ ಹೊತ್ತನ್ನು ಮನೆಯವರು ಕೊಟ್ಟಿರುವುದು ವೈದ್ಯಕ್ಕೆ, ಆದ್ದರಿಂದ ಅದರಲ್ಲಿ ಧರ್ಮದ ಮಾತು ಎತ್ತಕೂಡದೆಂದು ತಂಡ ಮೊದಲೇ ಗೊತ್ತುಮಾಡಿಕೊಂಡಿತ್ತು.

ಆಕೆ ಯೇಸುವಿನ (ಮುಸ್ಲಿಮರಿಗೆ ಈಸಾ ನಬಿ) ವಿಷಯ ಕೇಳಿದ್ದು ಆ ಹೊತ್ತಿನಲ್ಲೇ. "ಸಿಸ್ಟರ್, ದುಡ್ಡು ತಗೊಳ್ಳಲ್ಲ, ಯಾಕೆ ಬರ್ತೀರಾ? ಈಸಾ ನಬಿ ವಿಷಯ ನಿಮ್ಮ ಕಿತಾಬಿನಲ್ಲಿ ಏನಿದೆ?"

ನರ್ಸಮ್ಮ ಮೊದಲ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಿದರು, ಯೇಸುವಿನ ಹೆಸರು ಹೇಳಿಯೇ ಹೇಳಿದರು. ಏಕೆ ಬಂದೆ ಎಂದು ಕೇಳಿದಾಗ ಸುಮ್ಮನಿರುವುದು ಸುಳ್ಳಾಗುತ್ತದೆ. ಎರಡನೆಯದಕ್ಕೆ ಹೇಳಿದ್ದು: "ಹೇಳ್ತೀನಿ ಆಪಾ. ಕದ್ದು ಹೇಳಲ್ಲ. ಅಮ್ಮನವರೂ ಕೂತಿರಲಿ. ಅವರ ಮುಂದೆ ಕೇಳೋದು ಬೇಡ ಅನ್ನಿಸಿದ್ರೆ, ನೀವು ಓಡಾಡೋ ಹಾಗಾದ ಮೇಲೆ ನೀವೇ ಬಂದು ಕೇಳಿ. ನನ್ನ ನಂಬರ್ ನಿಮ್ಮ ಹತ್ತಿರ ಇದೆ."

ಇದಕ್ಕೆ ನಮ್ಮವರಲ್ಲೇ ಬಲವಾದ ಆಕ್ಷೇಪವಿದೆ. ವಯಸ್ಸಿಗೆ ಬಂದ ಹೆಂಗಸು ತಾನಾಗಿ ಕೇಳಿದಾಗ ಅತ್ತೆಯ ಅಪ್ಪಣೆ ಏಕೆ? ಆಕೆಯ ಮನಸ್ಸಾಕ್ಷಿ ಆಕೆಯದಲ್ಲವೇ? ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಆಕೆಗೂ ಅನ್ವಯಿಸುವುದಿಲ್ಲವೇ? ಅನ್ವಯಿಸುತ್ತದೆ, ಅಪ್ಪಣೆ ಬೇಕಾಗಿಯೂ ಇಲ್ಲ. ಆದರೆ ನಾವು ಎದ್ದು ಬಂದ ಮೇಲೆ ರಾತ್ರಿ ಆ ಮನೆಯಲ್ಲಿ ಇರಬೇಕಾದವರು ಆಕೆ. ಗುಟ್ಟಿನ ಭಾರ ನಮ್ಮದಲ್ಲ, ಆಕೆಯದು. ಆದ್ದರಿಂದ ಹೊತ್ತನ್ನೂ ಜಾಗವನ್ನೂ ಆಕೆಯೇ ಆರಿಸಲಿ, ಆರಿಸುವ ಶಕ್ತಿ ಬರುವಂತೆ ಕಾಲಿಗೆ ಬಲ ತುಂಬುವುದು ನಮ್ಮ ಮೊದಲ ಕೆಲಸ ಎಂದು ತಂಡ ತೀರ್ಮಾನಿಸಿತು. ನಾವು ಈ ತೀರ್ಮಾನವನ್ನು ಸರಿ ಎನ್ನುತ್ತೇವೆ.

ಕೆಲವು ವಾರಗಳ ಮೇಲೆ ಆಕೆಯೇ ಅತ್ತೆಯ ಎದುರಿನಲ್ಲಿ ಅದೇ ಪ್ರಶ್ನೆ ಕೇಳಿದರು. ನರ್ಸಮ್ಮ ಆರಿಸಿಕೊಂಡದ್ದು ಲೂಕನ ಸುವಾರ್ತೆ 13ನೇ ಅಧ್ಯಾಯ, ಹದಿನೆಂಟು ವರ್ಷ ಬೆನ್ನು ಬಾಗಿ ನೆಟ್ಟಗೆ ನಿಲ್ಲಲಾಗದ ಹೆಂಗಸನ್ನು ಯೇಸು ಸಬ್ಬತ್ ದಿನ ಸಭಾಮಂದಿರದಲ್ಲಿ ಕರೆದು ಗುಣಪಡಿಸಿದ, ಅದಕ್ಕೆ ಆ ಮಂದಿರದ ಮುಖ್ಯಸ್ಥ ಕೋಪಗೊಂಡ ಕಥೆ. ಓದಲಿಲ್ಲ, ದಖನಿಯಲ್ಲಿ ಹೇಳಿದರು. ಬೀಬಿ ಮರಿಯಮ್ಮರ ಮಗ ಈಸಾ ಅವರಿಗೆ ಹೊಸಬರಲ್ಲ. ಕುರಾನಿನ 19ನೇ ಸೂರಾ ಮರಿಯಮ್ಮರ ಹೆಸರಿನದೇ. ಹೋಲಿಸುವುದಕ್ಕೆ, ಗೆಲ್ಲುವುದಕ್ಕೆ ಹೋಗಬೇಡಿ. ಅತ್ತೆಯವರು ಕೇಳಿದ್ದು ಒಂದೇ ಮಾತು: "ಮಸೀದಿಯ ದೊಡ್ಡವರ ಹಾಗಿದ್ದವನಿಗೆ ಕೋಪ ಬಂತಲ್ಲ, ಗುಣ ಆಗಿದ್ದಕ್ಕೆ ಯಾಕೆ ಕೋಪ?" ಅಲ್ಲಿಂದ ಮಾತು ಬೆಳೆಯಿತು.

ಉರ್ದುವಿನಲ್ಲಿದ್ದರೆ ತಾನೇ ಓದುತ್ತೇನೆ ಎಂದು ಅತ್ತೆಯವರೇ ಹೇಳಿದ ಮೇಲೆ ಲೂಕನ ಸುವಾರ್ತೆಯ ಉರ್ದು ಪ್ರತಿ ತಂದುಕೊಟ್ಟರು. ಮೈದುನ ಮನೆಯಲ್ಲಿರುವ ಹೊತ್ತು ನೋಡಿ, ಅತ್ತೆಯವರ ಕೈಗೆ, ಮುದ್ರಿತ ಬೆಲೆ ಪಡೆದು ಕೊಟ್ಟರು. ಇಂಜೀಲ್, ಅಂದರೆ ಸುವಾರ್ತೆ, ಅವರಿಗೆ ಗೌರವದ ಗ್ರಂಥ. ಅದನ್ನು ನೆಲದ ಮೇಲೆ, ಚಾಪೆಯ ಮೇಲೆ, ಚಪ್ಪಲಿಯಿರುವ ಚೀಲದಲ್ಲಿ ಇಡಬಾರದು. ಗೆರೆ ಎಳೆದು ಬಣ್ಣ ಬಳಿದ ನಮ್ಮ ಸತ್ಯವೇದ (ಬೈಬಲ್) ಅವರ ಕಣ್ಣಿಗೆ ಅಗೌರವ. ಶುಭ್ರ ಬಟ್ಟೆಯಲ್ಲಿ ಸುತ್ತಿ ಕೊಡಬೇಕು.

ವಾಟ್ಸಾಪಿನಲ್ಲಿ ಹೋದ ಪ್ರಾರ್ಥನೆ

ದೊಡ್ಡ ಪೆಟ್ಟು ಬಿದ್ದದ್ದು ಇದಾದ ಮೇಲೆ. ಜೊತೆಗಾರ್ತಿ ಮಹಡಿಯ ಪರದೆಯ ಫೋಟೋ ಒಂದನ್ನು ಸಭೆಯ ಪ್ರಾರ್ಥನಾ ಗುಂಪಿಗೆ ಹಾಕಿದರು. ಯಾರ ಮುಖವೂ ಇರಲಿಲ್ಲ. ಕೆಳಗೆ ಓಣಿಯ ಹೆಸರು, 'ಈ ಮುಸ್ಲಿಂ ಸಹೋದರಿ ರಕ್ಷಣೆ ಹೊಂದುವಂತೆ ಪ್ರಾರ್ಥಿಸಿ' ಎಂಬ ಸಾಲು. ಗುಂಪಿನಿಂದ ಗುಂಪಿಗೆ ದಾಟಿ ಅದು ಮೈದುನನ ಅಂಗಡಿಯಲ್ಲಿ ಕೂತವರ ಫೋನಿಗೆ ಬಂತು. ನೀರಿನ ಟ್ಯಾಂಕನ್ನೇ ಗುರುತು ಹಿಡಿದರು. ಅಂದು ಸಂಜೆಯೇ ಬಾಗಿಲು ಮುಚ್ಚಿತು. ಪುಸ್ತಕವನ್ನು ಪಕ್ಕದ ಮನೆಯವರ ಕೈಯಲ್ಲಿ ವಾಪಸ್ ಕಳಿಸಿದರು.

ಜೊತೆಗಾರ್ತಿಗೆ ದುರುದ್ದೇಶವೇನೂ ಇರಲಿಲ್ಲ. ಆದರೆ ಮನೆಯವರು ಬಿಟ್ಟುಕೊಂಡದ್ದು ಇಬ್ಬರನ್ನು, ನೂರಾರು ಜನರನ್ನಲ್ಲ. ಮರೆಯಲ್ಲಿರುವ ಹೆಂಗಸಿನ ಮರೆಯನ್ನೇ ಬಹಿರಂಗಕ್ಕೆ ಇಟ್ಟಂತಾಯಿತು. ತಮ್ಮ ಸೊಸೆಯ ಮೂಳೆಗೆ ಮದ್ದು ಹೇಳಿದವರ ಮನಸ್ಸಿನಲ್ಲಿ ಬೇರೆಯೇ ಲೆಕ್ಕವಿತ್ತು ಎಂದು ಮನೆಯವರು ತಿಳಿದರೆ ಅವರನ್ನು ದೂರುವಂತಿಲ್ಲ.

ಸಂದೇಶ ಅಳಿಸಿದರು. ಆ ಜೊತೆಗಾರ್ತಿಯನ್ನು ಭೇಟಿಯಿಂದ ಬಿಡಿಸಿದರು. ಸಭಾಪಾಲಕರು ಹೋಗಿ ಮಾತಾಡುತ್ತೇನೆಂದದ್ದನ್ನು ಬೇಡವೆಂದರು. ಗಂಡಸರು ಗಂಡಸರು ಮಾತಿಗೆ ನಿಂತರೆ ಅದು ಎರಡು ಸಮುದಾಯದ ಜಗಳವಾಗಿಬಿಡುತ್ತದೆ. ನರ್ಸಮ್ಮ ಒಂದೇ ಸಲ ಅತ್ತೆಯವರಿಗೆ ಫೋನ್ ಮಾಡಿ ಆದದ್ದನ್ನು ಇದ್ದಂತೆ ಹೇಳಿ ಕ್ಷಮೆ ಕೇಳಿದರು. ಮತ್ತೆ ಬರಲೇ ಎಂದು ಕೇಳಲಿಲ್ಲ.

ಚಿಕಿತ್ಸೆ ನಿಲ್ಲಲಿಲ್ಲ. ಚೀಟಿ, ಆಸ್ಪತ್ರೆಯ ಕಾರ್ಡು, ಮಾತ್ರೆ ಎಲ್ಲವೂ ಮೊದಲಿನಿಂದ ಮನೆಯವರ ಕೈಯಲ್ಲೇ ಇದ್ದವು. ಎಂಟು ವಾರದ ಪರೀಕ್ಷೆಗೆ ಓರಗಿತ್ತಿಯೇ ಕರೆದುಕೊಂಡು ಹೋದರು. ಮಾತ್ರೆಯನ್ನು ತಂಡವೇ ತಂದುಕೊಡುತ್ತಿದ್ದರೆ ಆಕೆಯ ಮೂಳೆ ನಮ್ಮ ತಪ್ಪಿಗೆ ದಂಡ ತೆರಬೇಕಾಗುತ್ತಿತ್ತು.

ಕಾನೂನಿನ ಕಡೆಯೂ ಇದನ್ನು ನೋಡಬೇಕು. ಧರ್ಮ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷದಿಂದಾದ ಮತಾಂತರಕ್ಕೆ 3ರಿಂದ 5 ವರ್ಷ ಜೈಲು, ಮತಾಂತರಗೊಂಡವರು ಹೆಂಗಸಾದರೆ 3ರಿಂದ 10 ವರ್ಷ ಎಂದಿತು. ಉಡುಗೊರೆ, ಹಣ, ಒಳ್ಳೆಯ ಜೀವನದ ಭರವಸೆ ಎಲ್ಲ ಆಮಿಷವೇ. ದೂರು ಕೊಡಲು ರಕ್ತಸಂಬಂಧಿ, ಮದುವೆಯಿಂದಾದ ಸಂಬಂಧಿ ಯಾರಾದರೂ ಸಾಕು. ಆಮಿಷ ಒಡ್ಡಿಲ್ಲವೆಂದು ತೋರಿಸುವ ಹೊಣೆ ಆರೋಪ ಹೊತ್ತವರದು. ಮತ ಬದಲಿಸುವವರು ಜಿಲ್ಲಾಧಿಕಾರಿಗೆ 30 ದಿನ ಮುಂಚೆ ತಿಳಿಸಬೇಕು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಹಣ ಕೊಡದ, ಗುಟ್ಟು ಮಾಡದ ನಿಯಮ ಬದಲಾಗುವುದಿಲ್ಲ. ಅದು ಕಾನೂನಿನ ಭಯಕ್ಕೆ ಮಾಡಿದ್ದಲ್ಲ. ಭೇಟಿಯ ಪುಸ್ತಕವೊಂದನ್ನು ಮಾತ್ರ ಇಡಲೇಬೇಕು. ದಿನ, ಹೊತ್ತು, ಹೋದವರು, ಮಾಡಿದ ಆರೈಕೆ, ಮನೆಯಲ್ಲಿ ಹಾಜರಿದ್ದ ಹಿರಿಯರು, ಇಷ್ಟು. ಅದರಲ್ಲಿ ಯಾರ ಆತ್ಮದ ಸ್ಥಿತಿಯನ್ನೂ ಬರೆಯಬೇಡಿ. ಫೋಟೋ ಬೇಡ. ಪ್ರಾರ್ಥನಾ ಗುಂಪಿಗೆ ಹೆಸರು, ಓಣಿ, ಕಾಯಿಲೆ, ಮತ ಯಾವುದೂ ಹೋಗಬಾರದು. 'ಒಂದು ಮನೆಗಾಗಿ ಪ್ರಾರ್ಥಿಸಿ' ಎಂದರೆ ದೇವರಿಗೆ ತಿಳಿಯುತ್ತದೆ.

ಈಗ

ಅತ್ತೆಯವರ ಕಾಲಿನ ಗಾಯ ಮತ್ತೆ ಒಡೆದಾಗ ಅವರೇ ಫೋನ್ ಮಾಡಿದರು. ನರ್ಸಮ್ಮ ಹೊಸ ಜೊತೆಗಾರ್ತಿಯೊಂದಿಗೆ ಹೋದರು. ಮೈದುನ ಮನೆಯಲ್ಲೇ ಇದ್ದು ಎರಡು ಷರತ್ತು ಹಾಕಿದ: ಫೋನು ಹೊರಗಿನ ಕಪಾಟಿನಲ್ಲಿ ಇಡಬೇಕು, ಕಿತಾಬಿನ ಮಾತು ಅಮ್ಮ ಕೇಳಿದರೆ ಮಾತ್ರ. ಎರಡೂ ನ್ಯಾಯವಾದ ಷರತ್ತುಗಳು. ಅತ್ತೆಯವರು ಪುಸ್ತಕವನ್ನು ಮತ್ತೆ ಕೇಳಿಲ್ಲ. ನರ್ಸಮ್ಮನೂ ಎತ್ತಿಲ್ಲ.

ಸೊಸೆಯ ನೋವು ಮೊದಲ ತಿಂಗಳಲ್ಲೇ ತಗ್ಗತೊಡಗಿತ್ತು. ತೊಡೆಗೆ ಬಲ ಬರಲು ಅದಕ್ಕಿಂತ ಹೆಚ್ಚು ಹಿಡಿಯಿತು. ಫಾಸ್ಫಟೇಸ್ ಇಳಿಯಲು ಇನ್ನೂ ತಿಂಗಳುಗಳು ಬೇಕು, ಅದಕ್ಕೆ ಗಾಬರಿಯಾಗಬೇಕಿಲ್ಲ. ಈಗ ಗೋಡೆ ಹಿಡಿಯದೆ ಏಳುತ್ತಾರೆ. ಬತ್ತಿಯ ಮಣೆಯನ್ನು ನೆಲದಿಂದ ಎತ್ತಿ ಗಿಡ್ಡ ಬೆಂಚಿನ ಮೇಲೆ ಇಟ್ಟುಕೊಂಡಿದ್ದಾರೆ. ತಿಂಗಳ ಮಾತ್ರೆ ತಿಂಗಳ ಮೊದಲ ಜುಮ್ಮಾಕ್ಕೆ. ಭೇಟಿಗಳನ್ನು ಎರಡು ತಿಂಗಳಿಗೊಮ್ಮೆಗೆ ಇಳಿಸಿದ್ದಾರೆ.

ಬಾಕಿ ಇರುವುದು ಹಿರಿಮಗಳ ವಿಚಾರ. ಆಕೆಗೀಗ ಹನ್ನೆರಡು, ಕಾಲುನೋವು ಎನ್ನುತ್ತಿದ್ದಾಳೆ; ಬೆಳೆಯುವ ವಯಸ್ಸಿನಲ್ಲಿ ಈ ಕೊರತೆಯಿದ್ದರೆ ಸೊಂಟದ ಮೂಳೆಯ ಆಕಾರವೇ ಕೆಟ್ಟು ಮುಂದೆ ಹೆರಿಗೆ ಕಷ್ಟವಾಗಬಹುದು. ರಕ್ತ ಪರೀಕ್ಷೆಗೆ ಡಾಕ್ಟರು ದಿನ ಕೊಟ್ಟಿದ್ದಾರೆ. ತಂಡದವರು ಜೊತೆಗೆ ಹೋಗುತ್ತಿಲ್ಲ, ತಾಯಿಯೇ ಆಟೋ ಮಾಡಿಕೊಂಡು ಕರೆದೊಯ್ಯುತ್ತಾರೆ.